ಪಟೇಲನ ಆಷಾಢ

ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ಬೈರಣ್ಣನ ನಾಲಿಗೆಗೆ ಮೊದಲು ತಾಗುತ್ತಿದ್ದುದು ಕಾಫಿಯಲ್ಲ, ಉಪ್ಪುನೀರು. ನಡುಮನೆಯಲ್ಲಿದ್ದ ಗಾಜಿನ ತೊಟ್ಟಿಯ ಮುಚ್ಚಳ ಸರಿಸಿ, ತೋರುಬೆರಳನ್ನು ಅದ್ದಿ, ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಇವತ್ತು ಒಂಚೂರು ಜಾಸ್ತಿ ಆಗೈತೆ" ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಒಂದು ಚೊಂಬು ಸಿಹಿನೀರು ಸುರಿಯುತ್ತಿದ್ದ. ನೀರಿನ ಉಪ್ಪು ಅಳೆಯುವ ಗಾಜಿನ ಕಡ್ಡಿಯೊಂದು ಅವನ ಬಳಿ ಇರಲಿಲ್ಲವೆಂದಲ್ಲ. ಅದನ್ನೂ ತಪ್ಪದೆ ತೊಟ್ಟಿಗೆ ಬಿಡುತ್ತಿದ್ದ, ಆದರೆ ನಾಲಿಗೆಯ ಕೆಲಸ ಮುಗಿದ ಮೇಲೆ. ಕಡ್ಡಿ ಸರಿಯಾಗಿ ಹೇಳುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೆ.

ಬೈರಣ್ಣ ಮಡಿವಾಳ ಕೆರೆಯ ಪಕ್ಕದ ಹಳೇ ಊರಿನವನು. ಬಿಟಿಎಂ ಲೇಔಟು ಎಂಬ ಹೆಸರು ಹುಟ್ಟುವ ಮೊದಲೇ ಅಲ್ಲಿ ಹುಟ್ಟಿ, ರಾಗಿ ಬಿತ್ತಿ, ಸಾಲಿಗೆ ಅವರೆ ಹಾಕಿ, ಕೆರೆಯಲ್ಲಿ ಟವಲು ಹಿಡಿದು ಮೀನು ಗೋರಿದವನು. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಮನೆಯಾಗಿ, ಕೊನೆಗೆ ಅವನ ಪಾಲಿಗೂ ಒಂದು ದೊಡ್ಡ ಮನೆ, ಅದರ ಮೇಲೆ ನಾಲ್ಕು ಬಾಡಿಗೆ ಮನೆ ಉಳಿದವು. ಊಟಕ್ಕೆ ಕೊರತೆಯಿರಲಿಲ್ಲ. ಮಗ ದಿನೇಶ್ ಮೂಲೆಯಲ್ಲಿ ಶಾಮಿಯಾನದ ಅಂಗಡಿ ಇಟ್ಟು ಮದುವೆ, ತಿಥಿ ಎರಡಕ್ಕೂ ಕುರ್ಚಿ ಕೊಡುತ್ತ ಚೆನ್ನಾಗಿಯೇ ಇದ್ದ. ಕೆಲಸವಿಲ್ಲದೆ ಉಳಿದದ್ದು ಬೈರಣ್ಣನ ಎರಡು ಕೈ ಮಾತ್ರ. ಬಾಡಿಗೆಯವರು ತಾವಾಗಿಯೇ ಊಟ ಮಾಡುತ್ತಾರೆ, ತಾವಾಗಿಯೇ ಬೆಳೆಯುತ್ತಾರೆ. ತಾನು ಒಂದು ದಿನ ಮರೆತರೆ ಬಾಡಿಹೋಗುವಂಥದ್ದು ಏನಾದರೂ ಒಂದು ಮನೆಯಲ್ಲಿರಬೇಕು ಎಂದು ಅವನ ಜೀವ ಒದ್ದಾಡುತ್ತಿತ್ತು.

ಅದು ಸಿಕ್ಕಿದ್ದು ಜಯನಗರದಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಎರಡು ಸಾವಿರದ ಮೂರನೇ ಇಸವಿಯಲ್ಲಿ. ಹೆಂಡತಿ ಮುನಿವೆಂಕಟಮ್ಮನ ದವಡೆ ಹಲ್ಲು ಕೀಳಿಸಲು ಹೋಗಿದ್ದ. ಕಾಯುವವರ ಎದುರು ಸಮುದ್ರದ ನೀರಿನ ತೊಟ್ಟಿ, ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಪುಟ್ಟ ಮೀನುಗಳು. ಕ್ಲೌನ್ ಮೀನು ಅಂತಾರೆ ಎಂದು ಕಾಂಪೌಂಡರ್ ಹೇಳಿದ. ಮುನಿವೆಂಕಟಮ್ಮ ಬಾಯಿಗೆ ಹತ್ತಿ ಕಚ್ಚಿಕೊಂಡು ಹೊರಗೆ ಬಂದು ನಿಂತು ಎಷ್ಟೋ ಹೊತ್ತಾದರೂ ಗಂಡ ತಿರುಗಿ ನೋಡಲಿಲ್ಲ. ಆ ಮೀನುಗಳ ಮೇಲೆ ಅವಳಿಗೆ ಕೋಪ ಹುಟ್ಟಿದ್ದು ಅಂದಿನಿಂದ.

ಅಂಥದ್ದೇ ತೊಟ್ಟಿ ಮನೆಗೂ ಬಂತು, ಆದರೆ ಮೊದಲ ಬೆಳೆ ಕೈಗೆ ಹತ್ತಲಿಲ್ಲ. ಸಮುದ್ರದ ನೀರೆಂದರೆ ಉಪ್ಪುನೀರು ತಾನೆ ಎಂದು ಬೈರಣ್ಣ ಅಡುಗೆಮನೆಯ ಕಲ್ಲುಪ್ಪನ್ನು ಸೇರಿನಲ್ಲಿ ಅಳೆದು ಕದಡಿದ. ಮೀನುಗಳು ಎರಡು ದಿನವೂ ಬಾಳಲಿಲ್ಲ. ಮೀನಿನಂಗಡಿಯ ಸೇತುರಾಮ ಹಣೆ ಚಚ್ಚಿಕೊಂಡು, "ಸಾರ್, ನೀವು ಹಾಕಿದ್ದು ಉಪ್ಪಿನಕಾಯಿ ಸಾರ್!" ಎಂದ. ಆಮೇಲೆ ಸಮುದ್ರದ ಉಪ್ಪಿನ ಪ್ಯಾಕೆಟ್ಟು ಬಂತು, ಮರಳು ಬಂತು, ತೂತುತೂತಿನ ಕಲ್ಲುಗಳು ಬಂದವು. ಮೀನು ಬಿಡುವ ಮೊದಲು ತಿಂಗಳುಗಟ್ಟಲೆ ಬರೀ ನೀರನ್ನೇ ಓಡಿಸುತ್ತಿರಬೇಕು ಎಂದು ಸೇತುರಾಮ ಹೇಳಿದಾಗ ಬೈರಣ್ಣನಿಗೆ ಅದು ತಟ್ಟನೆ ಅರ್ಥವಾಯಿತು. ಹೊಸ ಮಣ್ಣು ಹದಕ್ಕೆ ಬರಬೇಡವೇ? ಮುನಿವೆಂಕಟಮ್ಮ ಮಾತ್ರ ಬಂದವರಿಗೆಲ್ಲ, "ನಮ್ಮೆಜಮಾನ್ರು ನೀರು ಸಾಕವ್ರೆ ಬನ್ನಿ, ನೋಡಿ" ಎಂದು ತೋರಿಸುತ್ತಿದ್ದಳು.

ಹದವಾದ ನೀರಿಗೆ ಬಂದ ಒಂದೇ ಒಂದು ಕ್ಲೌನ್ ಮೀನು ನಿಂತಿತು, ಬೆಳೆಯಿತು, ದಪ್ಪಗಾಯಿತು. ಮುನಿವೆಂಕಟಮ್ಮನ ಹಳೆಯ ಮೊಸರು ಕುಡಿಕೆಯೊಂದನ್ನು ತೊಟ್ಟಿಯ ಎಡಮೂಲೆಯಲ್ಲಿ ಮಲಗಿಸಿದ್ದೇ ತಡ, ಅದರ ಬಾಯಲ್ಲಿ ಕೂತು ಹೋಗಿಬರುವವರನ್ನೆಲ್ಲ ದುರುಗುಟ್ಟಿ ನೋಡತೊಡಗಿತು. ಕಲ್ಲು ಸರಿಸಲು ಕೈ ಹಾಕಿದರೆ ಕೈಗೇ ಕಚ್ಚುತ್ತಿತ್ತು. ಆ ಜಬರದಸ್ತು ನೋಡಿ ಬೈರಣ್ಣ ಅದಕ್ಕೆ ಪಟೇಲ ಎಂದು ಹೆಸರಿಟ್ಟ.

ಎರಡು ವರ್ಷ ಪಟೇಲ ಒಂಟಿಯಾಗಿಯೇ ದರ್ಬಾರು ನಡೆಸಿತು. ಎರಡು ಸಾವಿರದ ಆರರ ವೈಶಾಖದಲ್ಲಿ ದಿನೇಶನ ಮದುವೆಯಾಗಿ, ಕೋಣನಕುಂಟೆಯಿಂದ ರಮ್ಯ ಸೊಸೆಯಾಗಿ ಬಂದಳು. ಮನೆ ತುಂಬಿದ ಹಾಗೆ ತೊಟ್ಟಿಯೂ ತುಂಬಲಿ ಎಂದು ಬೈರಣ್ಣನಿಗೆ ಆಸೆಯಾಯಿತು. ಕುರಿ ಸಾಕಿದ ಬುದ್ಧಿ ಎಲ್ಲಿಗೆ ಹೋಗುತ್ತದೆ? ಟಗರು ಒಂದಿದ್ದರೆ ಕುರಿ ನಾಲ್ಕಿರಬೇಕು. ಸೇತುರಾಮನ ಅಂಗಡಿಗೆ ಹೋಗಿ, "ನಂದು ಗಂಡೈತೆ. ನಾಲ್ಕು ಹೆಣ್ಣು ಕೊಡಿ, ಚಿಕ್ಕವು" ಎಂದ. ಅಂಗಡಿಯಲ್ಲಿ ಗಿರಾಕಿಗಳ ಗಲಾಟೆ. ಸೇತುರಾಮ ಚಿಕ್ಕವು ಎಂಬ ಮಾತೊಂದನ್ನೇ ಕಿವಿಗೆ ಹಾಕಿಕೊಂಡು ನಾಲ್ಕನ್ನು ಕವರಿಗೆ ಬಿಟ್ಟುಕೊಟ್ಟ.

ಪಟೇಲ ಅವುಗಳನ್ನು ಬರಮಾಡಿಕೊಂಡ ರೀತಿ ಹೇಳಬಾರದು. ಮೂಲೆಯಿಂದ ಮೂಲೆಗೆ ಅಟ್ಟಿಸಿಕೊಂಡು ಹೋಗಿ ರೆಕ್ಕೆ ಹರಿದುಹಾಕಿತು. ಮಾರನೇ ದಿನ ಒಂದು ಮರಿ ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಉಳಿದ ಮೂರನ್ನು ಬೈರಣ್ಣ ಗಾಬರಿಯಿಂದ ಹಿಡಿದು, ತರಕಾರಿ ತೊಳೆಯುವ ತೂತಿನ ಬುಟ್ಟಿಯೊಂದನ್ನು ತೊಟ್ಟಿಯೊಳಗೇ ತೂಗುಹಾಕಿ ಅದರಲ್ಲಿ ಬಿಟ್ಟ. ಪಟೇಲ ಬುಟ್ಟಿಯ ಸುತ್ತ ಪಹರೆ ತಿರುಗಿತು. ಮರಿಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಡುಗುತ್ತಿದ್ದವು.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಮೌನೇಶ ಗದಗ ಕಡೆಯವನು, ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ. ಉಪ್ಪು ಅಳೆಯುವ ಕಡ್ಡಿ ತಂದುಕೊಟ್ಟವನೂ ಅವನೇ. ಆಫೀಸಿನಲ್ಲಿ ಇಂಟರ್‌ನೆಟ್ಟು ನೋಡಿಕೊಂಡು ಬಂದು ಸಂಕೋಚದಿಂದ ತಲೆ ಕೆರೆದುಕೊಂಡ.

"ಅಣ್ಣಾರ, ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಜಾತಿ ಮೀನ ಎಲ್ಲಾ ಹುಟ್ಟತಾ ಗಂಡು ಅಂತ್ರಿ. ಗುಂಪಿನ್ಯಾಗ ಯಾವ್ದು ದೊಡ್ಡದಾಗತೈತಿ ನೋಡ್ರಿ, ಅದು ಹೆಣ್ಣಾಗಿ ಯಜಮಾನಕಿ ಮಾಡತೈತಿ. ನಿಮ್ಮ ಪಟೇಲಪ್ಪ, ಗಂಡಲ್ಲರಿ."

ಬೈರಣ್ಣ ತೊಟ್ಟಿಯನ್ನು ನೋಡಿದ. ಕುಡಿಕೆಯ ಬಾಯಿಂದ ಪಟೇಲ ಅವನನ್ನು ನೋಡಿತು.

"ಟಗರು ಅಂತ ಸಾಕಿದ್ನಲ್ಲೋ, ಅತ್ತೆ ಆಯ್ತಲ್ಲೋ!" ಎಂದ.

ಆದರೂ ಹೆಸರು ಬದಲಾಯಿಸಲಿಲ್ಲ, ಕರೆದು ರೂಢಿಯಾಗಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಮನಸ್ಸು ಕೆಟ್ಟು ಎಲ್ಲರೆದುರು ಒಂದು ಮಾತು ಆಡಿಬಿಟ್ಟ: "ಸತ್ತ ಮರೀನ ಕೈಯಲ್ಲಿ ಎತ್ತಿದೀನಿ. ಇನ್ನೊಂದು ಎತ್ತಲ್ಲ. ಇವು ನಾಲ್ಕೂ ಒಂದೇ ನೀರಲ್ಲಿ ಬಾಳಿದ್ರೆ ಸರಿ. ಇಲ್ದಿದ್ರೆ ಪಟೇಲನ್ನೂ ಸೇರಿಸಿ ಎಲ್ಲಾ ಸೇತುರಾಮಂಗೆ ಕೊಟ್ಟು ತೊಟ್ಟಿ ಖಾಲಿ ಮಾಡ್ತೀನಿ." ದಿನೇಶ್ ಊಟ ಮುಗಿಸಿ ಕೈ ತೊಳೆದವನೇ ತೊಟ್ಟಿಯ ಜಾಗದಲ್ಲಿ ದೊಡ್ಡ ಟೀವಿ ಹಿಡಿಸುತ್ತದೆಯೇ ಎಂದು ಗೇಣು ಹಾಕಿ ನೋಡಿದ. ಬೈರಣ್ಣ ಅದನ್ನು ಕಂಡ. ತೊಟ್ಟಿ ಹೋದರೆ ಮತ್ತೆ ಬೆಳಗ್ಗೆ ಎದ್ದು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಬಸ್ಸು ಎಣಿಸಬೇಕು. ಆದರೆ ಮಾತು ಆಡಿಯಾಗಿತ್ತು.

ಮನೆಯೊಳಗಿನ ಹದವೂ ಅಷ್ಟಕ್ಕಷ್ಟೇ. ಮುನಿವೆಂಕಟಮ್ಮ ಕೆಟ್ಟವಳಲ್ಲ, ಆದರೆ ಆ ಅಡುಗೆಮನೆ ಅವಳದು. ಉಪ್ಪಿನ ಭರಣಿ ಒಲೆಯ ಬಲಕ್ಕೇ ಇರಬೇಕು, ಸಕ್ಕರೆ ಡಬ್ಬ ಮೇಲಿನ ಸಾಲಿನಲ್ಲೇ ಇರಬೇಕು, ಮುದ್ದೆ ಕೋಲು ಅದರ ಮೊಳೆಗೇ ನೇತಾಡಬೇಕು. ರಮ್ಯ ಸಾರು ಮಾಡಿದರೆ ಇಳಿಸುವ ಮೊದಲು ಅತ್ತೆ ಬಂದು, ರುಚಿಯನ್ನೂ ನೋಡದೆ, ಒಂದು ಚಿಟಿಕೆ ಉಪ್ಪು ಉದುರಿಸಿ ಹೋಗುತ್ತಿದ್ದಳು. ರಮ್ಯ ಎದುರಾಡುವ ಹುಡುಗಿಯಲ್ಲ. ಸುಮ್ಮನೆ ರೂಮಿಗೆ ಹೋಗಿ ಕೂರುತ್ತಿದ್ದಳು, ತಟ್ಟೆಗೆ ಅರ್ಧ ಮುದ್ದೆ ಸಾಕು ಎನ್ನುತ್ತಿದ್ದಳು. ದಿನೇಶ್ ಅಪ್ಪನ ಹತ್ತಿರ, "ಮೇಲ್ಗಡೆ ಒಂದು ಮನೆ ಖಾಲಿ ಆದ್ರೆ ನಾವೇ ಅಲ್ಲಿರ್ತೀವಪ್ಪ" ಎಂದು ಒಂದೆರಡು ಸಲ ಪೀಠಿಕೆ ಹಾಕಿದ್ದ. ಬೈರಣ್ಣ ಕೇಳಿಸದವನಂತೆ ಮೀನಿಗೆ ಕಾಳು ಹಾಕುತ್ತಿದ್ದ.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಸೊಸೆ ತವರಿಗೆ ಹೋಗಬೇಕು. ರಮ್ಯ ಬ್ಯಾಗು ತುಂಬಿಕೊಂಡು ಕಾಯುತ್ತಿದ್ದಳು. ಆದರೆ ಕೋಣನಕುಂಟೆಯಿಂದ ಬೇರೆ ಸುದ್ದಿ ಬಂತು. ಅವಳ ಅಣ್ಣನ ಮಗುವಿಗೆ ಅಮ್ಮ ಆಗಿತ್ತು. ಮೈತುಂಬ ಗುಳ್ಳೆ, ಬಾಗಿಲಿಗೆ ಬೇವಿನ ಸೊಪ್ಪು. ಅಂಥ ಮನೆಗೆ ಯಾರೂ ಹೋಗುವ ಹಾಗಿಲ್ಲ, ಒಂದು ಮಗುವಿಗೆ ಇಳಿಯುವಷ್ಟರಲ್ಲಿ ಇನ್ನೊಂದಕ್ಕೆ ಏರುತ್ತದೆ.

"ಹೋಗ್ಲಿ ಬಿಡೇ, ಈಗಿನ ಕಾಲದಲ್ಲಿ ಯಾರು ನೋಡ್ತಾರೆ" ಎಂದ ಬೈರಣ್ಣ.

ಮುನಿವೆಂಕಟಮ್ಮ ಒಪ್ಪುವವಳೇ? ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ಇಬ್ರೂ ಒಂದೇ ಮನೇಲಿ ಇರಬಾರ್ದು ಅಂತ ಐತೆ, ಸರಿ. ಸೊಸೇನೇ ಹೋಗ್ಬೇಕು ಅಂತ ಎಲ್ಲೈತೆ? ನಂಗೇನು ತವರಿಲ್ವಾ?"

ಹೀಗೆ, ಸೊಸೆ ಬಂದ ವರ್ಷ ಅತ್ತೆ ತವರಿಗೆ ಹೊರಟಳು. ವಸಂತಪುರದಲ್ಲಿ ಅವಳ ತಮ್ಮ ಉಗ್ರಪ್ಪನ ಮನೆ. ಬಾಣಂತನಕ್ಕೆ ಹೋಗಿದ್ದು ಬಿಟ್ಟರೆ ಅವಳು ಅಲ್ಲಿ ಒಂದು ವಾರ ಕೂಡ ನಿಂತವಳಲ್ಲ. ಆಟೋ ಹತ್ತುವಾಗಲೂ ರಮ್ಯಳಿಗೆ ಹಾಲಿನವನ ಲೆಕ್ಕ, ತುಳಸಿಗೆ ನೀರು, ಮಾವನ ಮಾತ್ರೆ ಎಲ್ಲ ಹೇಳಿ, ಬೀದಿ ತಿರುಗುವವರೆಗೂ ಕತ್ತು ಹೊರಗೆ ಹಾಕಿ ಹೇಳುತ್ತಲೇ ಇದ್ದಳು.

ಮೊದಲ ವಾರ ಮುದ್ದೆ ಗಂಟುಗಂಟಾಯಿತು. ಆಮೇಲೆ ಸರಿಹೋಯಿತು. ಭರಣಿಗಳು ಒಂದೊಂದಾಗಿ ಜಾಗ ಬದಲಿಸಿದವು. ರಮ್ಯ ಎಡಗೈಯವಳು, ಅವಳಿಗೆ ಉಪ್ಪು ಎಡಕ್ಕಿದ್ದರೆ ಅನುಕೂಲ ಎಂಬುದು ಬೈರಣ್ಣನಿಗೆ ತಿಳಿದದ್ದೇ ಆಗ. ಹುಡುಗಿ ಈಗ ರೂಮಿನಲ್ಲಿ ಕೂರುತ್ತಿರಲಿಲ್ಲ. ತಟ್ಟೆಗೆ ಇಡೀ ಮುದ್ದೆ ಹಾಕಿಕೊಳ್ಳುತ್ತಿದ್ದಳು, ತೊಟ್ಟಿಯ ಹತ್ತಿರ ಬಂದು ಬುಟ್ಟಿಯ ಮರಿಗಳನ್ನು ಮಾತಾಡಿಸುತ್ತಿದ್ದಳು. "ಮಾವ, ಇವು ಎಷ್ಟು ದಿನ ಹಿಂಗೇ ಬುಟ್ಟೀಲಿರಬೇಕು?" ಎಂದು ಕೇಳುತ್ತಿದ್ದಳು. ಬೈರಣ್ಣ ಎರಡು ಸಲ ಬುಟ್ಟಿಯಿಂದ ಬಿಟ್ಟು ನೋಡಿದ್ದ. ಎರಡು ಸಲವೂ ಪಟೇಲ ಬಾಣದಂತೆ ನುಗ್ಗಿತ್ತು. ಬುಟ್ಟಿಯಲ್ಲಿ ಮರಿಗಳು ಬಡಕಲಾಗುತ್ತಿದ್ದವು. ದಿನೇಶ್ ಟೀವಿಯ ಅಂಗಡಿಗೆ ಹೋಗಿ ಬೆಲೆ ವಿಚಾರಿಸಿ ಬಂದಿದ್ದ.

ಶ್ರಾವಣ ಕಾಲಿಟ್ಟ ಮೇಲಿನ ಭಾನುವಾರ ಮುನಿವೆಂಕಟಮ್ಮ ವಾಪಸು ಬಂದಳು, ಕೈಯಲ್ಲಿ ವಸಂತಪುರದ ಸೊಪ್ಪಿನ ಚೀಲ. ರಮ್ಯ ಓಡಿಬಂದು ಚೀಲ ತೆಗೆದುಕೊಂಡು, "ಕೂತ್ಕೊಳ್ಳಿ ಅತ್ತೆ, ಕಾಫಿ ತರ್ತೀನಿ" ಎಂದಳು. ಮುನಿವೆಂಕಟಮ್ಮ ಕುರ್ಚಿಯ ತುದಿಯಲ್ಲಿ ಕೂತಳು, ಬೀಗರ ಮನೆಗೆ ಬಂದವಳ ಹಾಗೆ. ಕಾಫಿ ಬಂತು. ಒಂದು ಗುಟುಕು ಕುಡಿದು ಎದ್ದು, ಅಡುಗೆಮನೆಯ ಬಾಗಿಲವರೆಗೆ ಹೋಗಿ ಹೊಸ್ತಿಲ ಈಚೆಯೇ ನಿಂತು ಕೇಳಿದಳು:

"ರಮ್ಯಾ, ಸಕ್ಕರೆ ಡಬ್ಬ ಎಲ್ಲಿಟ್ಟಿದೀಯಮ್ಮ?"

ಮದುವೆಯಾದಾಗಿನಿಂದ ಬೈರಣ್ಣ ಆ ಹೆಂಗಸಿನ ಬಾಯಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ. ಆ ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ಬೇರೆಯವರು ಅವಳನ್ನು ಕೇಳಬೇಕಿತ್ತು. ರಮ್ಯ ಡಬ್ಬ ತಂದು, ಮುಚ್ಚಳ ತೆಗೆದು ಮುಂದೆ ಹಿಡಿದಳು. ಜಗಳವಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ. ಬೈರಣ್ಣ ಕಾಫಿಲೋಟ ಹಿಡಿದವನು ಹಾಗೇ ತೊಟ್ಟಿಯ ಕಡೆ ತಿರುಗಿದ. ಬುಟ್ಟಿಯೊಳಗೆ ಮೂರು ಸೊಸೆಯರು, ಹೊರಗೆ ಇಡೀ ಮನೆ ತನ್ನದೆಂದು ತಿರುಗುವ ಅತ್ತೆ.

"ಅಯ್ಯೋ ನನ್ ಬುದ್ಧಿಗಿಷ್ಟು! ಕಳಿಸ್ಬೇಕಾಗಿದ್ದು ಇದನ್ನಲ್ವಾ!" ಎಂದವನೇ ಲೋಟ ಕುಕ್ಕಿ ಮೆಟ್ಟಿಲು ಹತ್ತಿ ಓಡಿದ. ಕಾಫಿ ಅರ್ಧ ಹಾಗೇ ಉಳಿಯಿತು.

ಮೌನೇಶ ಭಾನುವಾರದ ನಿದ್ದೆಯಲ್ಲಿದ್ದ. ಎಬ್ಬಿಸಿ ಕೂರಿಸಿ ಬೈರಣ್ಣ ವಿಷಯ ಹೇಳಿದ: ಪಟೇಲನಿಗೆ ಒಂದು ತವರು ಬೇಕು. ಅದು ಈ ರೂಮು. ಮೌನೇಶ ಕಣ್ಣುಜ್ಜಿಕೊಂಡು, "ಆಗಲಿ ಬಿಡ್ರೀ ಅಣ್ಣಾರ, ನನಗೂ ಒಬ್ರು ಜೋಡಿ ಆದ್ರು" ಎಂದ. ಮಾರನೇ ದಿನ ಆಫೀಸಿನಿಂದ ಬಂದು, ಬೇರೆ ದೇಶದವರೂ ಹೀಗೇ ಮಾಡುತ್ತಾರಂತೆ, ದೊಡ್ಡದನ್ನು ಕೆಲವು ದಿನ ಹೊರಗಿಟ್ಟು ಕಲ್ಲುಗಳ ಜಾಗ ಬದಲಿಸಿ ಮತ್ತೆ ಬಿಡುತ್ತಾರಂತೆ ಎಂದೂ ಹೇಳಿದ. "ಅವ್ರಿಗೂ ಆಷಾಢ ಐತೇನೋ" ಎಂದ ಬೈರಣ್ಣ.

ದೊಡ್ಡ ಪ್ಲಾಸ್ಟಿಕ್ ಟಬ್ಬು, ತೊಟ್ಟಿಯದೇ ನೀರು, ಒಂದು ಗಾಳಿ ಪಂಪು. ಪಟೇಲ ಬಲೆಯಲ್ಲಿ ಒದ್ದಾಡುತ್ತ ಮೇಲಿನ ಮನೆಗೆ ಹೋಯಿತು. ಕೆಳಗೆ ಬೈರಣ್ಣ ತೋಳು ಮಡಚಿ ತೊಟ್ಟಿಗೆ ಕೈ ಹಾಕಿ ಕಲ್ಲುಗಳನ್ನೆಲ್ಲ ಹೊಸದಾಗಿ ಜೋಡಿಸಿದ. ಕುಡಿಕೆಯನ್ನು ಎಡಮೂಲೆಯಿಂದ ಬಲಮೂಲೆಗೆ ಸಾಗಿಸಿದ. ಮರಿಗಳನ್ನು ಬುಟ್ಟಿಯಿಂದ ಬಿಟ್ಟ. ಮೊದಮೊದಲು ಅವು ಬುಟ್ಟಿ ನೇತಾಡುತ್ತಿದ್ದ ಜಾಗದಲ್ಲೇ ನಿಂತಿದ್ದವು. ಆಮೇಲೆ ಒಂದು ಮರಿ ಕಲ್ಲಿನ ಹಿಂದೆ ಹೋಗಿ ಬಂತು. ಆಮೇಲೆ ಮೂರೂ ಹೋದವು. ವಾರ ಕಳೆಯುವಷ್ಟರಲ್ಲಿ ಕುಡಿಕೆಯಲ್ಲಿ ಸಂಸಾರ ಹೂಡಿ, ಮೈ ತುಂಬಿಕೊಂಡು, ಕಾಳು ಹಾಕುವ ಹೊತ್ತಿಗೆ ಮೇಲೆ ಬಂದು ಬಾಯಿ ತೆರೆಯತೊಡಗಿದವು. ಶಾಸ್ತ್ರವೆಂದ ಮೇಲೆ ಪೂರ್ತಿ ಆಗಲಿ ಎಂದು ಬೈರಣ್ಣ ಪಟೇಲನನ್ನು ಶ್ರಾವಣ ಮುಗಿಯುವವರೆಗೂ ಮೇಲೆಯೇ ಇಟ್ಟ. ಮೌನೇಶ ಆಫೀಸಿನಿಂದ ಬಂದು ಅದಕ್ಕೆ ಊಟ ಹಾಕಿ, ಊರಿನ ಸುದ್ದಿಯೆಲ್ಲ ಹೇಳುತ್ತಿದ್ದನಂತೆ.

ಗೌರಿ ಹಬ್ಬಕ್ಕೆ ಮುಂಚೆ ಪಟೇಲ ಮನೆಗೆ ಬಂದ ದಿನ ಎಲ್ಲರೂ ನಡುಮನೆಯಲ್ಲಿ ಸೇರಿದರು. ದಿನೇಶ್ ಕೂಡ ಅಂಗಡಿ ಬಿಟ್ಟು ಬಂದಿದ್ದ. ಮುನಿವೆಂಕಟಮ್ಮ ತೊಟ್ಟಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಆ ತೊಟ್ಟಿಯ ಮುಂದೆ ಅವಳು ಕೂತದ್ದು ಅದೇ ಮೊದಲು. ಬೈರಣ್ಣ ಒಂದು ಕೈಯಲ್ಲಿ ಬಲೆ ಸಿದ್ಧವಾಗಿಟ್ಟುಕೊಂಡು ಪಟೇಲನನ್ನು ನೀರಿಗೆ ಬಿಟ್ಟ. ಇಂದು ಕಚ್ಚಿದರೆ ನಾಳೆ ಸೇತುರಾಮನ ಅಂಗಡಿ.

ಪಟೇಲ ನೇರವಾಗಿ ಎಡಮೂಲೆಗೆ ಹೋಯಿತು. ಅಲ್ಲಿ ಕುಡಿಕೆ ಇರಲಿಲ್ಲ. ಒಂದು ಸುತ್ತು ತಿರುಗಿತು, ಮತ್ತೆ ಅದೇ ಜಾಗಕ್ಕೆ ಬಂದು ಮರಳನ್ನು ಮೂಸಿತು, ಇನ್ನೊಂದು ಸುತ್ತು ತಿರುಗಿತು. ಆಮೇಲೆ ನೀರು ಬೀಳುವ ಪೈಪಿನ ಹಿಂದೆ ಹೋಗಿ ಸುಮ್ಮನೆ ನಿಂತುಬಿಟ್ಟಿತು. ಬಲಮೂಲೆಯ ಕುಡಿಕೆಯಿಂದ ಮೂರು ಮರಿಗಳು ನೋಡುತ್ತಿದ್ದವು.

"ಹೆದರ್ಕೊಂಡೈತೆ!" ಎಂದು ಬೈರಣ್ಣ ಖುಷಿಯಿಂದ ತೊಡೆ ತಟ್ಟಿದ. "ನೋಡಿದ್ಯೇನೇ? ಜಂಭ ಇಳೀತು!"

ಮುನಿವೆಂಕಟಮ್ಮ ನಗಲಿಲ್ಲ. "ಪಾಪ. ಅದ್ರ ಮನೆ ಅದಕ್ಕೇ ಗುರ್ತು ಸಿಕ್ತಿಲ್ಲ" ಎಂದಳು. ಮೀನಿನ ಮೇಲಿನ ಕಣ್ಣು ತೆಗೆಯದೆ ಹೇಳಿದಳು: "ಅವತ್ತು ನಂಗೂ ಹಿಂಗೇ ಆಗಿದ್ದು. ಸಕ್ಕರೆ ಡಬ್ಬ ಎಲ್ಲೈತೆ ಅಂತ ಕೇಳಿದ್ನಲ್ಲ, ಆ ಮಾತು ನನ್ ಬಾಯಲ್ಲೇ ಬಂತಾ ಅನ್ನಿಸ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ. ನೀವು ಕಾಫಿ ಬಿಟ್ಟು ಮೇಲಕ್ಕೆ ಓಡಿದ್ರಿ, ಆಗ."

ಬೈರಣ್ಣನ ಮುಖ ಸಣ್ಣದಾಯಿತು. ತಾನು ಗೆದ್ದೆನೆಂದು ಮೆಟ್ಟಿಲು ಹಾರಿಕೊಂಡು ಹೋದ ಆ ಗಳಿಗೆಯಲ್ಲಿ ಕೆಳಗೆ ಇವಳು ಅಳುತ್ತಿದ್ದಳು. "ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದ.

"ಏನಂತ ಹೇಳ್ಲಿ? ಮೀನಿಗಾದ್ರೆ ಗಾಜೈತೆ, ಎಲ್ಲಾ ಕಾಣ್ತದೆ ನಿಮ್ಗೆ."

ರಮ್ಯ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಮುನಿವೆಂಕಟಮ್ಮನೇ ಮುಂದುವರಿಸಿದಳು. "ಅಷ್ಟೊತ್ತಿಗೆ ಇವ್ಳು ಬಚ್ಚಲ ಬಾಗಿಲಿಗೇ ಸೌಟು ಹಿಡ್ಕೊಂಡು ಬಂದು, ಅತ್ತೆ, ಸಾರಿಗೆ ಉಪ್ಪು ನೋಡಿ ಅಂದ್ಲು. ಮುಖ ತೊಳ್ಕೊಂಡು ಬಂದು ನೋಡ್ದೆ."

"ಸರಿ ಇತ್ತಾ?"

"ಒಂಚೂರು ಕಮ್ಮಿ ಇತ್ತು. ಸರಿಯಾಗೈತೆ ಅಂದೆ."

"ಕಮ್ಮಿ ಇತ್ತಾ ಅತ್ತೆ?" ರಮ್ಯ ಗಾಬರಿಯಾದಳು.

"ಸುಮ್ನಿರಮ್ಮ. ಅಲ್ನೋಡು, ಅಲ್ನೋಡು."

ಕುಡಿಕೆಯಿಂದ ಒಂದು ಮರಿ ಹೊರಗೆ ಬಂದಿತ್ತು, ಮೂರರಲ್ಲಿ ದೊಡ್ಡದು. ನಿಂತು ನಿಂತು ಪೈಪಿನವರೆಗೂ ಹೋಯಿತು. ಬೈರಣ್ಣ ಬಲೆಯನ್ನು ನೀರಿಗೆ ತಾಗಿಸಿ ಹಿಡಿದ. ಮರಿ ಪಟೇಲನ ಎದುರು ನಿಂತು, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ನೀನೇ ದೊಡ್ಡವಳು ಎನ್ನುವ ಹಾಗೆ ಅಡಿಯಿಂದ ಮುಡಿಯವರೆಗೆ ಗಡಗಡ ನಡುಗಿತು. ಹಿಂದೆ ಸರಿಯಲಿಲ್ಲ. ಮತ್ತೊಮ್ಮೆ ನಡುಗಿತು. ಪಟೇಲ ಬಾಯಿ ತೆರೆಯಿತು, ಮುಚ್ಚಿತು. ಕಚ್ಚಲಿಲ್ಲ. ಮರಿ ತಿರುಗಿ ಕುಡಿಕೆಯ ಕಡೆ ಹೊರಟಾಗ ಪೈಪಿನ ಹಿಂದಿನಿಂದ ಮೆಲ್ಲಗೆ ಹೊರಬಂದು ಅದರ ಹಿಂದೆಯೇ ಹೋಯಿತು.

"ಕರ್ಕೊಂಡು ಹೋಗ್ತೈತೆ" ಎಂದಳು ಮುನಿವೆಂಕಟಮ್ಮ. ಅವಳ ಕಣ್ಣು ಒದ್ದೆಯಾಗಿತ್ತು. ಬೈರಣ್ಣನದೂ ಅಷ್ಟೇ, ಆದರೆ ಅವನು ಉಪ್ಪುನೀರು ಹಾರಿತೆಂದು ಟವಲಿನಿಂದ ಒರೆಸಿಕೊಂಡ. ದಿನೇಶ್ ಗೋಡೆಯ ಕಡೆ ನೋಡಿ, ಟೀವಿಯನ್ನು ಆ ಕಡೆ ಗೋಡೆಗೆ ಹಾಕಿದರಾಯಿತು ಎಂದ. ಮೇಲಿನ ಮನೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಗ್ಗೆ ನಾಲ್ಕೂ ಕುಡಿಕೆಯ ಸುತ್ತಲೇ ಇದ್ದವು. ಪಟೇಲ ಒಮ್ಮೊಮ್ಮೆ ಗದರಿಸುತ್ತಿತ್ತು, ಮರಿಗಳು ನಡುಗಿ ತೋರಿಸಿ ಮತ್ತೆ ಪಕ್ಕಕ್ಕೇ ಬರುತ್ತಿದ್ದವು. ಬೈರಣ್ಣ ಮುಖ ತೊಳೆದು ಬಂದು ಮುಚ್ಚಳ ಸರಿಸಿದ. ಬೆರಳು ಅದ್ದಲು ಹೋದವನು ತಡೆದು, ಅಂಗಳಕ್ಕೆ ನೀರು ಹಾಕಿ ಒಳಗೆ ಬರುತ್ತಿದ್ದ ಹೆಂಡತಿಯನ್ನು ಕರೆದ.

"ಏನೇ, ಬಾ ಇಲ್ಲಿ. ಉಪ್ಪು ನೋಡು."

"ನಂಗೇನು ಗೊತ್ತಾಗ್ತದೆ ನಿಮ್ ಸಮುದ್ರ" ಎಂದು ಗೊಣಗುತ್ತಲೇ ಮುನಿವೆಂಕಟಮ್ಮ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಬೆರಳ ತುದಿ ಅದ್ದಿ ನಾಲಿಗೆಗೆ ಇಟ್ಟು ಮುಖ ಹುಳ್ಳಗೆ ಮಾಡಿದಳು. ತೊಟ್ಟಿಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಸರಿಯಾಗೈತೆ" ಎಂದಳು.

ಬೈರಣ್ಣ ಅವತ್ತು ಗಾಜಿನ ಕಡ್ಡಿಯನ್ನು ಮುಟ್ಟಲಿಲ್ಲ.